ಆಡು, ಕುರಿ, ಹಸು, ಕೋಳಿ: ಸಣ್ಣ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಐದಾರು ಆಡು, ಒಂದು ಹಸು, ಹಿತ್ತಲಲ್ಲಿ ಒಂದಷ್ಟು ಕೋಳಿ. ಮೇಯಿಸೋಕೆ ಸ್ವಂತ ಜಮೀನು ಇಲ್ಲ, ಇದ್ದರೂ ಸಾಲದು. ಊರಿಗೆಲ್ಲ ಸೇರಿದ ಹುಲ್ಲುಗಾವಲೇ ಆಧಾರ. ಇಂಥ ಮನೆಗಳವರಿಗಾಗಿ, ಅವರ ಜೊತೆ ಕೆಲಸ ಮಾಡುವವರಿಗಾಗಿ ಈ ಪ್ರಶ್ನೋತ್ತರ.

ಇಷ್ಟು ಕಡಿಮೆ ಜಾನುವಾರು ಇಟ್ಟುಕೊಂಡು ಏನು ಲಾಭ?

ಹಾಲಿನ ಲೆಕ್ಕ ಒಂದನ್ನೇ ನೋಡಿದರೆ ಲಾಭ ಕಾಣುವುದಿಲ್ಲ. ಆದರೆ ಆ ಹಸು ಹಾಲು ಮಾತ್ರ ಕೊಡುತ್ತಿಲ್ಲ, ಅಲ್ವಾ? ಹೊಲಕ್ಕೆ ಗೊಬ್ಬರ ಕೊಡುತ್ತದೆ. ಅದರ ಹೋರಿಕರು ನಾಳೆ ಉಳುಮೆಗೆ ಬರುತ್ತದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಆಸ್ಪತ್ರೆಗೆ ಓಡಬೇಕಾದ ದಿನ ಒಂದು ಆಡು ಮಾರಿದರೆ ಕೈಗೆ ದುಡ್ಡು ಬರುತ್ತದೆ, ಬಡ್ಡಿ ಸಾಲ ತಪ್ಪುತ್ತದೆ. ಮಳೆ ಕೈಕೊಟ್ಟು ಬೆಳೆ ಒಣಗಿದ ವರ್ಷ ಆ ಒಣಗಿದ ಬೆಳೆಯನ್ನೇ ಮೇವು ಮಾಡಿಕೊಂಡು ಮನೆ ನಡೆಸಿಕೊಡುವುದೂ ಇದೇ ಜಾನುವಾರು.

ಅದಕ್ಕೇ ದೊಡ್ಡ ಡೇರಿ ಫಾರಂನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫಾರಂನವರು ದಿನಕ್ಕೆ ಎಷ್ಟು ಲೀಟರ್ ಅಂತ ನೋಡುತ್ತಾರೆ. ಸಣ್ಣ ರೈತರು ಬರ ಬಂದರೂ ಇದು ಬದುಕಿರುತ್ತದಾ ಅಂತ ನೋಡುತ್ತಾರೆ. ಎರಡೂ ಸರಿಯಾದ ಲೆಕ್ಕಗಳೇ. ಒಂದರ ಲೆಕ್ಕವನ್ನು ಇನ್ನೊಂದರ ಮೇಲೆ ಹೇರಿದಾಗಲೇ ತೊಂದರೆ.

ಆದಾಯ ಜಾಸ್ತಿ ಆಗಬೇಕು. ಇನ್ನೂ ನಾಲ್ಕು ಆಡು ಕೊಳ್ಳಲಾ?

ಸದ್ಯಕ್ಕೆ ಬೇಡ. ಮೊದಲು ಇರುವವು ಸಾಯದಂತೆ ನೋಡಿಕೊಳ್ಳಿ. ಈ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಒಂದು ಸಣ್ಣ ಲೆಕ್ಕ ಹಾಕೋಣ. ಆಡು ಗಬ್ಬವಾದ ಸುಮಾರು 150 ದಿನಕ್ಕೆ ಮರಿ ಹಾಕುತ್ತದೆ. ಮೇವು ಸರಿಯಾಗಿ ಸಿಕ್ಕರೆ ಎರಡು ವರ್ಷಕ್ಕೆ ಮೂರು ಸಲ ಮರಿ ಹಾಕಬಲ್ಲದು. ನಿಮ್ಮ ಹತ್ತಿರ 6 ಆಡು ಇವೆ, ಸಲಕ್ಕೆ ಸರಾಸರಿ ಒಂದೂವರೆ ಮರಿ ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೆ 27 ಮರಿ. ಮೂರರಲ್ಲಿ ಒಂದು ಸತ್ತರೆ ಉಳಿಯುವುದು 18. ಅಂದರೆ 9 ಮರಿ ಮಣ್ಣುಪಾಲು. ಹೊಸದಾಗಿ ನಾಲ್ಕು ಆಡು ಕೊಂಡು ತಂದರೆ ಅವುಗಳ ಮರಿಗಳೂ ಅದೇ ಲೆಕ್ಕದಲ್ಲಿ ಸಾಯುತ್ತವೆ. ಮೇಲಾಗಿ ಅವಕ್ಕೂ ಮೇವು ಹೊಂದಿಸಬೇಕು. ಸಾಯುವ 9ರಲ್ಲಿ ಐದನ್ನು ಉಳಿಸಿಕೊಂಡರೆ? ಆಡು ಕೊಳ್ಳುವ ಖರ್ಚೂ ಇಲ್ಲ, ಹುಲ್ಲುಗಾವಲಿಗೆ ಹೊಸ ಬಾಯಿಗಳ ಹೊರೆಯೂ ಅಷ್ಟಿಲ್ಲ.

ಹಾಗಾದರೆ ಮರಿಗಳು ಸಾಯುವುದು ಯಾಕೆ?

ಬಹಳಷ್ಟು ಸಲ ಮೊದಲ ದಿನದಲ್ಲೇ ಕಾರಣ ಸಿಗುತ್ತದೆ, ಸಾವು ಮಾತ್ರ ಎರಡು ವಾರ ಆದ ಮೇಲೆ ಬರುತ್ತದೆ. ಮನುಷ್ಯರಲ್ಲಿ ತಾಯಿಯ ರೋಗ ತಡೆಯುವ ಶಕ್ತಿ ಗರ್ಭದಲ್ಲೇ ಸ್ವಲ್ಪ ಮಗುವಿಗೆ ಸೇರುತ್ತದೆ. ಆಡು, ಕುರಿ, ಹಸುಗಳಲ್ಲಿ ಹಾಗಲ್ಲ. ಮರಿ ಹುಟ್ಟುವಾಗ ಬರಿಗೈಲಿ ಹುಟ್ಟುತ್ತದೆ. ಅದಕ್ಕೆ ಆ ಶಕ್ತಿ ಸಿಗುವುದು ಗಿಣ್ಣದ ಹಾಲಿನಿಂದ ಮಾತ್ರ. ಅದೂ ಬೇಗ ಸಿಗಬೇಕು. ಗಂಟೆ ಕಳೆದ ಹಾಗೆ ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೇ.

ಮರಿ ಹಾಕಿದ ಹೊತ್ತಲ್ಲಿ ಪಕ್ಕದಲ್ಲೇ ಕೂತು ನೋಡಿ. ತಾಯಿ ಮರಿಯನ್ನು ನೆಕ್ಕುತ್ತದೆ. ಮರಿ ನಡುಗುತ್ತಾ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ತಾಯಿಯ ಮುಂಗಾಲಿನ ಸಂದಿಯಲ್ಲಿ ಮೂತಿ ಇಟ್ಟು ಹುಡುಕುತ್ತದೆ, ಅಲ್ಲಿ ಏನೂ ಸಿಗದೆ ಹಿಂದಕ್ಕೆ ಬರುತ್ತದೆ. ಕೆಚ್ಚಲು ಸಿಕ್ಕಿ, ಬಾಲ ಪಟಪಟ ಅಲ್ಲಾಡಿತು ಅಂದರೆ ಹಾಲು ಒಳಗೆ ಹೋಗುತ್ತಿದೆ ಅಂತ ಅರ್ಥ. ಬಾಲ ಅಲ್ಲಾಡದೆ ಸುಮ್ನೆ ಚೀಪುತ್ತಿದ್ದರೆ ಮೊಲೆಯನ್ನು ನೀವೇ ಹಿಂಡಿ ನೋಡಿ. ತುದಿಯಲ್ಲಿ ಮೇಣದಂಥ ಗಟ್ಟಿ ಕಟ್ಟಿಕೊಂಡಿರುತ್ತದೆ. ಎರಡು ಸಲ ಹಿಂಡಿದರೆ ಅದು ಬಿಟ್ಟು ಹಾಲು ಬರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಜೀವ ಉಳಿಯುತ್ತದೆ.

ಮೊದಲ ಗಂಟೆಯಲ್ಲೇ ಗಿಣ್ಣದ ಹಾಲು ಕುಡಿಸಲು ನೋಡಿ. ಮೊದಲ 24 ಗಂಟೆಯಲ್ಲಿ ಮರಿಯ ತೂಕದ ಹತ್ತನೇ ಒಂದು ಪಾಲಿನಷ್ಟು ಹೊಟ್ಟೆ ಸೇರಬೇಕು. 2 ಕೆ.ಜಿ. ಮರಿಗೆ 200 ಮಿ.ಲೀ., ಅದೂ ನಾಲ್ಕೈದು ಸಲವಾಗಿ. ಮಾಸು ಬೀಳುವ ತನಕ ಹಾಲು ಬಿಡಬಾರದು ಅನ್ನುವ ನಂಬಿಕೆ ಎಷ್ಟೋ ಕಡೆ ಇದೆ. ದಯವಿಟ್ಟು ಕಾಯಬೇಡಿ. ಮರಿ ಚೀಪಿದರೆ ಮಾಸು ಬೀಳುವುದಕ್ಕೂ ಸಹಾಯವೇ. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮರಿ ಮಲಗುವ ಜಾಗ ಒಣಗಿರಲಿ, ಚಳಿಗಾಳಿ ಬೀಸದಿರಲಿ.

ಜಂತುಹುಳುವಿನ ಔಷಧಿ ಎಷ್ಟು ತಿಂಗಳಿಗೊಮ್ಮೆ ಕೊಡಬೇಕು?

ತಿಂಗಳ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ಒಳ್ಳೆಯದು. ಆಡು ಕುರಿಗಳನ್ನು ಜಾಸ್ತಿ ಕೊಲ್ಲುವುದು ಹೆಮಾಂಕಸ್ ಅನ್ನುವ ಹುಳು. ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಮಳೆಗಾಲದಲ್ಲಿ ಮರಿಯಾಗಿ, ಹುಲ್ಲಿನ ಬುಡಕ್ಕೆ ಹತ್ತಿ ಕೂರುತ್ತವೆ.

ಈ ಹುಳು ರಕ್ತ ಕುಡಿಯುವುದರಿಂದ ಅದರ ಗುರುತು ಕಣ್ಣಲ್ಲೇ ಸಿಗುತ್ತದೆ. ಬೆಳಕಿನಲ್ಲಿ ಆಡನ್ನು ಹಿಡಿದು, ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕೆಳಗಿನ ರೆಪ್ಪೆಯನ್ನು ಕೆಳಗೆ ಎಳೆಯಿರಿ. ಒಳಗಿನ ತೊಗಲು ಕೆಂಪಗೆ ಇದ್ದರೆ ಆ ಆಡಿಗೆ ಔಷಧಿ ಬೇಡ. ಬಿಳಿಚಿದ್ದರೆ, ಕಾಗದದ ಹಾಗೆ ಬೆಳ್ಳಗಿದ್ದರೆ ಇವತ್ತೇ ಬೇಕು. ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತಿದ್ದರಂತೂ ತಡ ಮಾಡಲೇಬಾರದು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆಂದೇ ಐದು ಬಣ್ಣಗಳ ಒಂದು ಕಾರ್ಡ್ ಮಾಡಿದರು, ಫಮಾಚಾ ಅಂತ ಅದರ ಹೆಸರು. 1 ಮತ್ತು 2 ಬಣ್ಣ ಬಂದರೆ ಬಿಡಿ, 4 ಮತ್ತು 5 ಬಂದರೆ ಔಷಧಿ ಕೊಡಿ. 3 ಬಂದರೆ ಆಡು ಸೊರಗಿದೆಯಾ, ಗಬ್ಬವಾಗಿದೆಯಾ, ಎಳೆಯದಾ ಅಂತ ನೋಡಿ ತೀರ್ಮಾನ ಮಾಡಿ.

ಎಲ್ಲದಕ್ಕೂ ಒಟ್ಟಿಗೆ ಕೊಟ್ಟುಬಿಟ್ಟರೆ ಏನಾಗುತ್ತದೆ ಅಂತ ಕೇಳುತ್ತಾರೆ. ಔಷಧಿಗೆ ಸಾಯದ ಗಟ್ಟಿ ಹುಳುಗಳು ಮಾತ್ರ ಉಳಿದು, ಅವೇ ಮರಿ ಮಾಡುತ್ತವೆ. ಕೆಲವೇ ವರ್ಷಕ್ಕೆ ಆ ಔಷಧಿ ನೀರಿಗೆ ಸಮ. ಸಾಮಾನ್ಯವಾಗಿ ಹಿಂಡಿನ ಹೆಚ್ಚಿನ ಹುಳುಗಳು ಕೆಲವೇ ಪ್ರಾಣಿಗಳ ಹೊಟ್ಟೆಯಲ್ಲಿ ಇರುತ್ತವೆ. ಅವನ್ನು ಹುಡುಕಿ ಕೊಟ್ಟರೆ ಸಾಕು. ದುಡ್ಡೂ ಉಳಿಯಿತು, ಔಷಧಿಯ ಶಕ್ತಿಯೂ ಉಳಿಯಿತು. ಮತ್ತೆ ಮತ್ತೆ ಬಿಳಿಚಿಕೊಳ್ಳುವ ಆಡನ್ನು ಮಾರಿಬಿಡಿ, ಅದರ ಮರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿ.

ಎರಡು ಎಚ್ಚರಿಕೆ. ಈ ಕಣ್ಣಿನ ಪರೀಕ್ಷೆ ರಕ್ತ ಹೀರುವ ಹುಳುವಿಗೆ ಮಾತ್ರ. ಕಣ್ಣು ಕೆಂಪಗಿದ್ದೂ ಭೇದಿ ಇದ್ದರೆ ಬೇರೆ ಕಾರಣ ಹುಡುಕಬೇಕು. ಇನ್ನು, ಕುರಿಗೆ ಹೇಳಿದ ಪ್ರಮಾಣ ಆಡಿಗೆ ಎಷ್ಟೋ ಸಲ ಸಾಲದು. ಗಬ್ಬವಾದ ಹೊಸದರಲ್ಲಿ ಕೆಲವು ಔಷಧಿ ಕೊಡಲೇಬಾರದು. ಅಂಗಡಿಯವರ ಮಾತಿಗಿಂತ ಪಶುವೈದ್ಯರ ಮಾತು ಕೇಳಿ.

ಲಸಿಕೆ ನಾನೊಬ್ಬ ಹಾಕಿಸಿದರೆ ಸಾಲದಾ?

ನಿಮ್ಮ ಜಾನುವಾರಿಗೆ ಒಳ್ಳೆಯದೇ. ಆದರೆ ಒಂದೇ ಹುಲ್ಲುಗಾವಲಲ್ಲಿ ಮೇದು, ಒಂದೇ ಕೆರೆಯಲ್ಲಿ ನೀರು ಕುಡಿಯುವ ಹಿಂಡುಗಳಲ್ಲಿ ರೋಗಕ್ಕೆ ನಿಮ್ಮ ಬೇಲಿ, ನನ್ನ ಬೇಲಿ ಅಂತಿಲ್ಲ. ಊರಿಗೆ ಊರೇ ಒಂದೇ ವಾರದಲ್ಲಿ ಹಾಕಿಸಿದರೆ ರೋಗಕ್ಕೆ ನೆಲೆ ಸಿಗುವುದಿಲ್ಲ.

ಇದು ಬರೀ ಮಾತಲ್ಲ. ದೊಡ್ಡರೋಗ ಅಂತ ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಕಥೆ ಕೇಳಿ. 1890ರ ದಶಕದಲ್ಲಿ ಅದು ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಹಬ್ಬಿದಾಗ ದನಗಳ ಹಿಂಡುಗಳೇ ನಾಶವಾದವು, ಹಿಂದೆಯೇ ಜನ ಹಸಿವಿನಿಂದ ಸತ್ತರು. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಪಶುವೈದ್ಯ ಶಾಲೆ ಶುರುವಾಗಿದ್ದರ ಹಿಂದೆಯೂ ಈ ರೋಗದ ಭಯವೇ ಇತ್ತು. ವಾಲ್ಟರ್ ಪ್ಲೋರೈಟ್ ಅನ್ನುವ ವಿಜ್ಞಾನಿ ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದಾಗ ಒಳ್ಳೆಯ ಲಸಿಕೆ ಕಂಡುಹಿಡಿದರು. ಆದರೂ ರಸ್ತೆ, ಕರೆಂಟು ಇಲ್ಲದ ಕಡೆ ರೋಗ ಉಳಿದೇ ಇತ್ತು, ಯಾಕೆಂದರೆ ಲಸಿಕೆಯನ್ನು ತಣ್ಣಗಿಡಬೇಕಿತ್ತು. ಕೊನೆಗೆ ಬಿಸಿ ತಡೆಯುವ ಲಸಿಕೆ ಬಂತು. ಅದನ್ನು ಹೊತ್ತುಕೊಂಡು ಹೋದವರು ದನ ಕಾಯುವ ಸಮುದಾಯದವರೇ, ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು. ಯಾವ ಹಿಂಡು ಯಾವ ತಿಂಗಳು ಎಲ್ಲಿರುತ್ತದೆ ಅಂತ ಗೊತ್ತಿದ್ದವರು ಅವರೇ ತಾನೇ. 2001ರಲ್ಲಿ ಕೊನೆಯದಾಗಿ ಕಂಡ ಆ ರೋಗ ಭೂಮಿಯಿಂದಲೇ ಹೋಯಿತು ಅಂತ 2011ರಲ್ಲಿ ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೇ ರೋಗ ಇದು.

ಅದೇ ಕುಲದ ರೋಗ ಆಡು ಕುರಿಗಳಿಗೆ ಬರುವ ಪಿಪಿಆರ್. 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಮೊದಲು ಗುರುತಿಸಿದರು. ಜೋರು ಜ್ವರ, ಮೂಗು ಕಣ್ಣಲ್ಲಿ ಸೋರಿಕೆ, ಬಾಯಿ ಹುಣ್ಣು, ಭೇದಿ, ಕೆಮ್ಮು. 2030ರೊಳಗೆ ಇದನ್ನೂ ಅಳಿಸಬೇಕು ಅಂತ ಜಗತ್ತಿನ ಮಟ್ಟದಲ್ಲಿ ಗುರಿ ಇಟ್ಟುಕೊಂಡಿದ್ದಾರೆ. ಒಂದು ಸಲ ಲಸಿಕೆ ಹಾಕಿಸಿದರೆ ಕನಿಷ್ಠ ಮೂರು ವರ್ಷ ರಕ್ಷಣೆ. ಕಾಲುಬಾಯಿ ರೋಗದ ಲಸಿಕೆ ಹಾಗಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೇಕು. ಲಸಿಕೆ ತರುವವರ ಕೈಯಲ್ಲಿ ಐಸ್ ಡಬ್ಬ ಇದೆಯಾ, ಐಸ್ ಕರಗಿಲ್ಲವಾ ಅಂತ ನೋಡಿ. ಕೇಳುವುದರಲ್ಲಿ ಸಂಕೋಚ ಬೇಡ.

ಬೇಸಿಗೆಯಲ್ಲಿ ಬರೀ ಒಣಹುಲ್ಲು. ಹಸು ಸೊರಗುತ್ತದೆ. ಏನು ಮಾಡಲಿ?

ಒಣಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದರಲ್ಲಿ ಪ್ರೋಟೀನು ಬಹಳ ಕಡಿಮೆ. ಯೂರಿಯಾ ಉಪಚಾರ ಮಾಡಿದರೆ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಹುಲ್ಲೂ ಮೆತ್ತಗಾಗುತ್ತದೆ.

100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ, ಸುಮಾರು 50 ಲೀಟರ್ ನೀರು. ಯೂರಿಯಾ ಒಂದು ಹರಳೂ ಉಳಿಯದಂತೆ ನೀರಲ್ಲಿ ಕರಗಿಸಿ. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿ. ಮೇಲೆ ಟಾರ್ಪಾಲು ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ಗಾಳಿಯಾಡದಂತೆ ಮುಚ್ಚಿ. ಮೂರು ವಾರ ಮುಟ್ಟಬೇಡಿ. ತೆಗೆದಾಗ ಮೂಗಿಗೆ ಹೊಡೆಯುವಂಥ ಘಾಟು ಬರಬೇಕು, ಕಣ್ಣಲ್ಲಿ ನೀರು ಬರುವಷ್ಟು. ಹುಲ್ಲಿನ ಬಣ್ಣ ಕಂದು ಹಳದಿಗೆ ತಿರುಗಿರುತ್ತದೆ. ಘಾಟೇ ಇಲ್ಲ, ಬೂಷ್ಟು ಹಿಡಿದಿದೆ ಅಂದರೆ ಗಾಳಿ ಹೋಗಿದೆ ಅಂತ. ಅದನ್ನು ತಿನ್ನಿಸಬೇಡಿ.

ದಿನಕ್ಕೆ ಬೇಕಾದಷ್ಟನ್ನೇ ಹೊರಗೆ ತೆಗೆದು, ಒಂದೆರಡು ಗಂಟೆ ಗಾಳಿಗೆ ಹರಡಿ, ಘಾಟು ಇಳಿದ ಮೇಲೆ ಹಾಕಿ. ಮೊದಲ ವಾರ ಸ್ವಲ್ಪ ಸ್ವಲ್ಪ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಚೀಲ, ಯೂರಿಯಾ ಕರಗಿಸಿದ ನೀರಿನ ಬಕೆಟ್ ಎರಡನ್ನೂ ಜಾನುವಾರಿನ ಬಾಯಿಗೆ ಸಿಗದಂತೆ ಇಡಿ. ನೇರವಾಗಿ ತಿಂದರೆ ಅದು ವಿಷ.

ನೀರು ಎಷ್ಟು ಬೇಕು?

ಆಡಿಗೆ ದಿನಕ್ಕೆ 4–5 ಲೀಟರ್, ಹಾಲು ಕೊಡುವ ಹಸುವಿಗೆ 50 ಲೀಟರ್ ದಾಟಬಹುದು. ನೀರು ಕಡಿಮೆಯಾದರೆ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ. ಮೇವಿಗೆ ಖರ್ಚು ಮಾಡುವ ಮೊದಲು ಬಾನಿ ನೋಡಿ.

ಎಲ್ಲರಿಗೂ ಸೇರಿದ ಹುಲ್ಲುಗಾವಲು ಯಾರಿಗೂ ಸೇರಿದ್ದಲ್ಲ, ಹಾಳಾಗಿಯೇ ಆಗುತ್ತದೆ ಅಂತಾರೆ. ನಿಜವಾ?

ಹೀಗೆ ಹೇಳುವವರ ಹಿಂದೆ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ವಿಜ್ಞಾನಿ ಬರೆದ ಒಂದು ಲೇಖನ ಇದೆ. ಪ್ರತಿಯೊಬ್ಬನೂ ತನಗೆ ಲಾಭ ಅಂತ ಇನ್ನೊಂದು ದನ ಬಿಡುತ್ತಾನೆ, ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ, ಕೊನೆಗೆ ಹುಲ್ಲೇ ಇರುವುದಿಲ್ಲ ಅಂತ ಅವರ ವಾದ. ಇದನ್ನು ನೆಪ ಮಾಡಿಕೊಂಡು ಎಷ್ಟೋ ಕಡೆ ಸಾಮೂಹಿಕ ಜಮೀನುಗಳನ್ನು ಜನರಿಂದ ಕಿತ್ತುಕೊಂಡರು ಅನ್ನುವುದು ನನಗೆ ನೋವಿನ ಸಂಗತಿ.

ಆದರೆ ಎಲಿನಾರ್ ಓಸ್ಟ್ರಮ್ ಅನ್ನುವ ಅಮೆರಿಕದ ಸಂಶೋಧಕಿ ಸುಮ್ನೆ ವಾದ ಮಾಡಲಿಲ್ಲ, ಊರುಗಳಿಗೆ ಹೋಗಿ ನೋಡಿದರು, ಬೇರೆಯವರು ನೋಡಿ ಬರೆದಿದ್ದನ್ನೂ ಒಟ್ಟುಗೂಡಿಸಿದರು. ಜನ ತಾವೇ ನಿಯಮ ಮಾಡಿಕೊಂಡು ನೂರಾರು ವರ್ಷ ಹುಲ್ಲುಗಾವಲು, ಕಾಡು, ನೀರು ಕಾಪಾಡಿಕೊಂಡ ಉದಾಹರಣೆಗಳು ಸಿಕ್ಕವು. ಈ ಕೆಲಸಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ನೊಬೆಲ್ ಪಡೆದ ಮೊದಲ ಹೆಣ್ಣುಮಗಳು ಅವರೇ. ಅವರು ಹೇಳುವ ಊರುಗಳಲ್ಲಿ ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಒಂದು. 1517ರಲ್ಲೇ ಅಲ್ಲಿ ಒಂದು ನಿಯಮ ಬರೆದಿಟ್ಟಿದ್ದರು: ಚಳಿಗಾಲವಿಡೀ ಮನೆಯಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಬೆಟ್ಟಕ್ಕೆ ಮೇಯಲು ಬಿಡಬೇಕು. ಎಷ್ಟು ಜಾಣ ನಿಯಮ ನೋಡಿ. ಯಾರೂ ತಲೆ ಎಣಿಸಿ ಜಗಳ ಆಡಬೇಕಿಲ್ಲ, ಬಣವೆ ನೋಡಿದರೆ ಸಾಕು.

ಹಾಗಾಗಿ ಪ್ರಶ್ನೆ ಜಮೀನು ಯಾರದ್ದು ಅನ್ನುವುದಷ್ಟೇ ಅಲ್ಲ, ನಿಯಮ ಯಾರದ್ದು ಅನ್ನುವುದು. ಗಡಿ ಎಲ್ಲಿದೆ, ಯಾರಿಗೆ ಹಕ್ಕಿದೆ ಅಂತ ಎಲ್ಲರಿಗೂ ಗೊತ್ತಿರಬೇಕು. ಮಳೆ ಬಿದ್ದ ಕೂಡಲೇ ನುಗ್ಗದೆ, ಹುಲ್ಲು ಬೇರು ಬಿಟ್ಟು ಮೇಲೇಳುವ ತನಕ ಒಂದು ಭಾಗ ಮುಚ್ಚಿಡಬೇಕು. ನಿಯಮ ಮಾಡುವಾಗ ದನ ಕಾಯುವವರೂ ಕೂತಿರಬೇಕು. ಮುರಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ಮುರಿದರೆ ದೊಡ್ಡದು. ಕಾವಲುಗಾರನನ್ನು ಊರೇ ಆರಿಸಬೇಕು. ಹೊರಗಿನವರು ಬಂದು ಬೇಲಿ ಹಾಕಿಹೋದ ಕಡೆ ಬೇಲಿ ಉಳಿದದ್ದು ಕಡಿಮೆ. 2026ನೇ ವರ್ಷವನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಆ ಹೆಸರಲ್ಲಾದರೂ ಊರಿನ ಹುಲ್ಲುಗಾವಲಿನ ಗಡಿ ಕಾಗದದ ಮೇಲೆ ಬಂದರೆ ದೊಡ್ಡ ಕೆಲಸ.

ಜಾಸ್ತಿ ಹಾಲು ಕೊಡುವ ಮಿಶ್ರತಳಿ ತರಬಹುದಾ?

ವರ್ಷವಿಡೀ ಹಸಿರು ಮೇವು, ನೆರಳು, ನೀರು ಇದ್ದು, ಹಾಲು ಕೊಳ್ಳುವವರು ಮತ್ತು ಪಶುವೈದ್ಯರು ಹತ್ತಿರ ಇದ್ದರೆ ತನ್ನಿ. ಇವುಗಳಲ್ಲಿ ಎರಡು ಇಲ್ಲದಿದ್ದರೂ ಬೇಡ. ಆ ಹಸು ಬಿಸಿಲಿಗೆ ಏದುಸಿರು ಬಿಡುತ್ತದೆ, ಉಣ್ಣಿಗಳಿಂದ ಹರಡುವ ಜ್ವರಕ್ಕೆ ಬೇಗ ಬೀಳುತ್ತದೆ. ಊರ ತಳಿಯಲ್ಲೇ ಒಳ್ಳೆಯದನ್ನು ಆರಿಸಿ ಮುಂದುವರಿಸುವುದೂ ತಳಿ ಸುಧಾರಣೆಯೇ.

ಹೋತ, ಟಗರಿನ ವಿಷಯದಲ್ಲಿ ಒಂದು ಮಾತು. ಚೆನ್ನಾಗಿ ಬೆಳೆದ ಗಂಡುಮರಿಗೆ ಒಳ್ಳೆ ಬೆಲೆ ಬರುತ್ತದೆ ಅಂತ ಅದನ್ನೇ ಮೊದಲು ಮಾರುತ್ತೇವೆ. ಉಳಿದ ಸಣಕಲು ಮರಿಯೇ ಹಿಂಡಿಗೆ ತಂದೆಯಾಗುತ್ತದೆ. ಮೂರ್ನಾಲ್ಕು ಮನೆ ಸೇರಿ ಒಂದು ಒಳ್ಳೆಯ ಹೋತ ಇಟ್ಟುಕೊಳ್ಳಿ, 25–30 ಆಡಿಗೆ ಒಂದು ಸಾಕು. ತನ್ನ ಮಕ್ಕಳನ್ನೇ ಹಾಯುವ ಮೊದಲು, ಅಂದರೆ ಎರಡು ವರ್ಷಕ್ಕೊಮ್ಮೆ, ಪಕ್ಕದ ಊರಿನ ಹೋತದ ಜೊತೆ ಬದಲಿಸಿಕೊಳ್ಳಿ.

ವ್ಯಾಪಾರಿ ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಾನೆ. ತಕ್ಕಡಿ ಇಲ್ಲ. ತೂಕ ಹೇಗೆ ತಿಳಿಯುವುದು?

ದರ್ಜಿಗಳು ಬಳಸುವ ಅಳತೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆ ತನಕ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 10,840ರಿಂದ ಭಾಗಿಸಿ. ಎದೆ 70, ಉದ್ದ 60 ಇರುವ ಆಡು ಸುಮಾರು 27 ಕೆ.ಜಿ. ಹಸುವಿಗೂ ಇದೇ ಲೆಕ್ಕ. ಆಡಿನಲ್ಲಿ ಒಂದೆರಡು ಕೆ.ಜಿ., ಹಸುವಿನಲ್ಲಿ ಇನ್ನೂ ಹೆಚ್ಚು ಆಚೀಚೆ ಆಗಬಹುದು, ಆದರೆ ಕಣ್ಣಳತೆಗಿಂತ ಎಷ್ಟೋ ವಾಸಿ. ಔಷಧಿಯ ಪ್ರಮಾಣ ಗೊತ್ತುಮಾಡಲೂ ಇದು ಬೇಕು.

ಎಲ್ಲರೂ ಮೇವು ಮುಗಿದ ಮೇಲೆ ಒಟ್ಟಿಗೆ ಮಾರಲು ಬಂದರೆ ಬೆಲೆ ಬೀಳುತ್ತದೆ. ಮಳೆ ಕೈಕೊಡುವ ಸೂಚನೆ ಸಿಕ್ಕ ಕೂಡಲೇ ಮುದಿ ಆಡು, ಗೊಡ್ಡು ಹಸು, ಹೆಚ್ಚುವರಿ ಗಂಡುಮರಿಗಳನ್ನು ಮೈ ಇರುವಾಗಲೇ ಮಾರಿ. ಗಬ್ಬವಾದವಕ್ಕೂ ಮರಿಗಳಿಗೂ ಮೇವು ಉಳಿಯುತ್ತದೆ.

ಕೋಳಿಗಳು ವರ್ಷಕ್ಕೊಮ್ಮೆ ಒಟ್ಟಿಗೆ ಸಾಯುತ್ತವೆ. ಇದಕ್ಕೆ ಪರಿಹಾರ ಇದೆಯಾ?

ಇದೆ. ಅದು ಹೆಚ್ಚಾಗಿ ಕೊಕ್ಕರೆ ರೋಗ, ರಾಣಿಖೇತ್ ಅಂತಲೂ ಕರೆಯುತ್ತಾರೆ. ಬಂದರೆ ಔಷಧಿ ಇಲ್ಲ, ಬರದಂತೆ ಲಸಿಕೆ ಇದೆ. ಹಳ್ಳಿಯ ಕೋಳಿಗಳಿಗೆಂದೇ ಆಸ್ಟ್ರೇಲಿಯಾದಲ್ಲಿ ಐ-2 ಅನ್ನುವ, ಬಿಸಿಯನ್ನು ಸ್ವಲ್ಪ ತಡೆಯುವ ಲಸಿಕೆ ತಯಾರಿಸಿದರು. ಕಣ್ಣಿಗೆ ಒಂದು ಹನಿ, ನಾಲ್ಕು ತಿಂಗಳಿಗೊಮ್ಮೆ. ಅದು ಸಿಗದ ಕಡೆ ಬೇರೆ ಲಸಿಕೆಗಳಿವೆ, ಪಶುವೈದ್ಯರನ್ನು ಕೇಳಿ.

ಜಾನುವಾರಿನ ರೋಗ ನಮಗೂ ಬರುತ್ತದಾ?

ಕೆಲವು ಬರುತ್ತವೆ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಗಾಳಿ ತಗುಲಿದರೆ ರೋಗಾಣು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಲ್ಲಿ ದಶಕಗಟ್ಟಲೆ ಬದುಕುತ್ತದೆ. ನಾಯಿ ಹತ್ತಿರ ಬರದಂತೆ ಕಾವಲಿಟ್ಟು ವೈದ್ಯರಿಗೆ ಫೋನ್ ಮಾಡಿ.

ತುಂಬು ಗಬ್ಬದ ಹಸು ಕಂದು ಹಾಕಿದರೆ ಬ್ರೂಸೆಲ್ಲಾ ಅನ್ನುವ, ನಮಗೂ ಅಂಟುವ ರೋಗದ ಅನುಮಾನ ಇರಲಿ. ಸತ್ತ ಕರು, ಮಾಸುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ. ಗರ್ಭಿಣಿಯರು ದೂರ ಇರಲಿ. ಹಾಲನ್ನು ಯಾವಾಗಲೂ ಕುದಿಸಿಯೇ ಕುಡಿಯಿರಿ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು ಇದ್ದರೆ ಮನೆಯಲ್ಲಿ ದನ ಇದೆ ಅಂತ ಡಾಕ್ಟರಿಗೆ ಹೇಳಿ.

ಯೋಜನೆಯವರು ಉಚಿತವಾಗಿ ಹಸು ಕೊಡುತ್ತಾರಂತೆ. ತೆಗೆದುಕೊಳ್ಳಲಾ?

ಮೊದಲು ಕೇಳಿ: ಮೇವು ಎಲ್ಲಿಂದ? ಹುಷಾರು ತಪ್ಪಿದರೆ ಯಾರು ಬರುತ್ತಾರೆ? ತಂದ ದಾರಿಯಲ್ಲಿ ರೋಗ ಹಿಡಿದಿಲ್ಲ ಅಂತ ಹೇಗೆ ಗೊತ್ತು? ಹೊಸ ಪ್ರಾಣಿಯನ್ನು ಮೂರು ವಾರವಾದರೂ ಬೇರೆ ಕಟ್ಟಿ, ಆಮೇಲೆ ಹಿಂಡಿಗೆ ಬಿಡಿ. 1944ರಲ್ಲಿ ಅಮೆರಿಕದಲ್ಲಿ ಶುರುವಾದ ಹೈಫರ್ ಸಂಸ್ಥೆ ಒಂದು ಒಳ್ಳೆಯ ಪದ್ಧತಿ ತಂದಿತು. ಹಸು ಪಡೆದವರು ಅದರ ಮೊದಲ ಹೆಣ್ಣುಕರುವನ್ನು ಇನ್ನೊಂದು ಮನೆಗೆ ಕೊಡಬೇಕು. ಪಡೆದವರೇ ಕೊಡುವವರಾಗುತ್ತಾರೆ. ಸಂಘ ಕಟ್ಟುವಾಗ ಈ ನಿಯಮ ಇಟ್ಟುಕೊಳ್ಳಿ.

ಇನ್ನೊಂದು: ಹಸು ಯಾರ ಹೆಸರಲ್ಲಿ ಬರುತ್ತದೆ? ಮೇವು ತರುವವರು, ಸಗಣಿ ಬಾಚುವವರು, ಮರಿ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ತರಬೇತಿಗೆ ಕರೆಯುವುದು ಗಂಡಸರನ್ನು. ಸಂಜೆ ಮೇವು ಹಾಕುವ ಹೊತ್ತಿಗೆ ತರಬೇತಿ ಇಟ್ಟರೆ ಅವರು ಬರುವುದಾದರೂ ಹೇಗೆ? ಮಾಲೀಕತ್ವ, ಹಾಲಿನ ದುಡ್ಡು, ಮಾರುವ ತೀರ್ಮಾನ ಮೂರರಲ್ಲೂ ಅವರ ಹೆಸರಿರಲಿ.

ಪಶುವೈದ್ಯರು ದೂರ ಇದ್ದಾರೆ. ಫೋನಿನಲ್ಲಿ ಏನು ಹೇಳಬೇಕು?

"ಹಸುವಿಗೆ ಹುಷಾರಿಲ್ಲ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ವಯಸ್ಸು, ಗಬ್ಬವಾಗಿದ್ದರೆ ಎಷ್ಟು ತಿಂಗಳು, ಯಾವತ್ತಿನಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿದೆಯಾ, ಸಗಣಿ ಹೇಗಿದೆ, ಎಡಗಡೆ ಹೊಟ್ಟೆ ಉಬ್ಬಿದೆಯಾ ಅಂತ ಹೇಳಿ. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ. ಗುದದಲ್ಲಿ ಇಟ್ಟು ನೋಡಿದರೆ ಹಸುವಿಗೆ ಸುಮಾರು 101.5, ಆಡಿಗೆ 102–103 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಈಗಾಗಲೇ ಏನು ಔಷಧಿ ಹಾಕಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ. ಪಕ್ಕದ ಮನೆಯ ಕೊಟ್ಟಿಗೆಗೂ ಹೋಗಿ, ಅಲ್ಲಿಯೂ ಹೀಗೇ ಆಗಿದೆಯಾ ಅಂತ ವಿಚಾರಿಸಿಕೊಂಡೇ ಫೋನ್ ಮಾಡಿ.